ಪುಸ್ತಕದಲ್ಲಿ ಹೀಗಿಲ್ಲ
ರಜೆ ಬಂತೆಂದರೆ ಮನೆಮಂದಿಯೆಲ್ಲ ಕೂತು ಆ ಹಳೇ ಕಾದಂಬರಿಯ ಸಿನಿಮಾ ನೋಡಬೇಕು, ದೊಡ್ಡಪ್ಪ ಅದನ್ನು ಬೈಯಬೇಕು. ಬೈಗುಳವಿಲ್ಲದೆ ಈಗ ಯಾರಿಗೂ ಸಿನಿಮಾ ರುಚಿಸುವುದಿಲ್ಲ. ಸಾರೋಟು ಬಂದರೆ ಸಾಕು, "ಪುಸ್ತಕದಲ್ಲಿ ಹೀಗಿಲ್ಲ, ಕುದುರೆ ಕಪ್ಪು!" ಎಂದು ರಿಮೋಟು ಕಿತ್ತುಕೊಂಡು ನಿಲ್ಲಿಸುತ್ತಾರೆ. ಜಮೀನ್ದಾರ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ತಾವೇ ಒಪ್ಪಿಸಿ, ಆಮೇಲೆ ಅವನು ತಪ್ಪು ಹೇಳಿದ ಅಂತ ಅವನ ಮೇಲೇ ಹಾರುತ್ತಾರೆ. ನಾಯಕಿ ಅಳುವುದಂತೂ ನೆಗಡಿಯಾದವಳ ಹಾಗಂತೆ. "ಭಾವ, ಸಿನಿಮಾದವರಿಗೂ ಸ್ವಲ್ಪ ಮಾತಾಡೋಕೆ ಬಿಡಿ" ಎಂದು ತಮ್ಮನ ಹೆಂಡತಿ ಅಂದರೂ ಕಿವಿಗೆ ಹಾಕಿಕೊಳ್ಳುವವರಲ್ಲ. ಆದರೆ ಕೊನೆಯಲ್ಲಿ ನಾಯಕಿ ಬಂದರಿಗೆ ಹೊರಟಳೋ, ಈ ಮಹಾಪಂಡಿತರು ತಟ್ಟನೆ ಎದ್ದು, "ಕಾಫಿ ಇಡ್ತೀನಿ, ಮುಗಿದ್ಮೇಲೆ ಕರೀರಿ" ಎಂದು ಅಡುಗೆಮನೆ ಸೇರುತ್ತಾರೆ. ಅಸಲಿಗೆ ದೊಡ್ಡಪ್ಪ ಆ ಪುಸ್ತಕ ಓದಿದವರೇ ಅಲ್ಲ. ಬಟ್ಟೆಗೆ ಇಸ್ತ್ರಿ ಹಾಕುತ್ತ, ದೊಡ್ಡಮ್ಮ ಗಟ್ಟಿಯಾಗಿ ಓದಿದ್ದನ್ನು ಕೇಳಿದವರು. ಬಂದರಿನ ಅಧ್ಯಾಯಕ್ಕೆ ಬರುವಷ್ಟರಲ್ಲಿ ದೊಡ್ಡಮ್ಮ ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. "ಅವಳು ಹಡಗು ಹತ್ತಿದ್ಳಾ ಇಲ್ವಾ, ಹೇಳ್ಬಿಡ್ಲಾ ದೊಡ್ಡಪ್ಪ?" ಎಂದು ತಮ್ಮನ ಮಗಳು ಬಾಗಿಲಲ್ಲಿ ನಿಂತು ಕೆಣಕಿದರೆ, ಹಾಲು ಉಕ್ಕುವುದನ್ನೂ ಮರೆತು ಗದರುತ್ತಾರೆ: "ನೀನ್ಯಾರೇ ಹೇಳೋಕೆ? ನಿಮ್ಮ ದೊಡ್ಡಮ್ಮ ಓದಿ ಹೇಳ್ತೀನಿ ಅಂದಿದ್ದಾಳೆ."