ಪ್ಯೋ ಅಣ್ಣನ ಓಕ್ ಮರ

ನಾನು ಮದುವೆಯಾಗಿ ಈ ಗಾಂಗ್‌ವನ್ ಬೆಟ್ಟದೂರಿಗೆ ಬಂದ ವರ್ಷ, ಕಾಯಿ ಉದುರಿಸಲೆಂದು ಕಾಡಿನ ದೊಡ್ಡ ಓಕ್ ಮರಕ್ಕೆ ಕೊಡತಿ ಎತ್ತಿದಾಗ, "ಏಯ್ ಹೊಸ ಸೊಸೆ, ಅದೇನು ನಿನ್ನ ಗಂಡನ ಬೆನ್ನಾ?" ಎಂದು ಕೂಗಿಕೊಂಡು ಬಂದವರು ಪ್ಯೋ ಅಣ್ಣ. ಅಂದಿನಿಂದ ಊರಿಗೆಲ್ಲ ನಾನು ಕೊಡತಿ ಸೊಸೆ. ಮರ ಸರ್ಕಾರದ್ದು, ಕಾವಲು ಇವರದು, ಯಾರೂ ನೇಮಿಸಿರಲಿಲ್ಲ. ತಾನಾಗಿ ಬಿದ್ದ ಕಾಯಿಯನ್ನಷ್ಟೇ ಆರಿಸಬೇಕು. ಚೀಲ ತುಂಬಿತೋ, "ಅಳಿಲೇನು ಮಣ್ಣು ತಿನ್ನುತ್ತಾ?" ಎಂದು ಅರ್ಧ ಸುರಿದೇಬಿಡುವರು. ಉಳಿದದ್ದನ್ನು ನಾನು ಬೀಸಿ, ಕಹಿ ಹೋಗುವ ತನಕ ನೀರು ಬದಲಿಸಿ, ಕಾಸಿ, ಹಾಲುಬಾಯಿಯಂತೆ ಮುಕ್ ಮಾಡಿಕೊಟ್ಟರೆ, ಬಟ್ಟಲು ಬಳಿದು ತಿಂದು, "ಇನ್ನೊಂದು ನೀರು ಬೇಕಿತ್ತು" ಎನ್ನುವರು. ಇಷ್ಟೂ ಸಾಲದೆಂದು, ಮರದ ಎದೆಮಟ್ಟದಲ್ಲಿದ್ದ ಹಳೆ ಗಾಯದ ಬಿರುಕಿಗೆ ವರ್ಷವರ್ಷವೂ ನಾನು ಕೈ ತೂರಿಸಬೇಕು: "ನನ್ನ ಕೈ ದಪ್ಪ. ನೀನು ನೋಡು, ಎಷ್ಟು ಬೆರಳು ಹೋಗುತ್ತೆ?" ಒಮ್ಮೆ ರೇಗಿ, "ಮರಕ್ಕೆ ನಾನೇನು ಡಾಕ್ಟರಾ?" ಎಂದೆ. "ಯುದ್ಧದ ವರ್ಷ ಕಾಯಿ ಉದುರ್ಲಿ ಅಂತ ಅಮ್ಮ ಕಲ್ಲಲ್ಲಿ ಗುದ್ದಿದ್ದು. ಹಸಿವು ಅಂತ ಅತ್ತವನು ನಾನು. ನಾನಿರೋವಾಗ್ಲೇ ಇದು ಮುಚ್ಚಬೇಕು," ಎಂದರು. ಆಮೇಲೂ ನಾನು ಗೊಣಗಿದೆ. ಗೊಣಗುತ್ತಲೇ ಕೈ ತೂರಿಸಿದೆ. ಕಳೆದ ಸಲ ಎಲೆ ಕೆಂಪಾಗುವ ಹೊತ್ತಿಗೆ ಅವರಿಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮುಕ್ ಹಿಡಿದು ಹೋದರೆ ಬಟ್ಟಲನ್ನು ಬದಿಗೆ ಸರಿಸಿ, ನನ್ನ ಕೈಯನ್ನೇ ನೋಡುತ್ತ ಕೇಳಿದರು: "ಕೊಡತಿ ಸೊಸೆ, ಈ ಸಲ ಎಷ್ಟು ಬೆರಳು ಹೋಯ್ತು?"