ಸೌತೆ ಬಳ್ಳಿಗೆ ಹೊತ್ತ ನೀರು

ಮದುವೆಯಾಗಿ ಮಗ್ಗೆ ಹತ್ತಿರದ ಈ ಕಾಫಿ ತೋಟದ ಮನೆಗೆ ಬಂದ ಮೊದಲ ವರ್ಷವೇ ನಾನು ಅತ್ತೆಯ ಎದುರು ಹಟ ಹಿಡಿದೆ. ವಿಷಯ ದೊಡ್ಡದೇನಲ್ಲ, ಸೌತೆಕಾಯಿ. ತವರಿನಿಂದ ತಂದ ಬೀಜವನ್ನು ಸಂಕ್ರಾಂತಿ ಕಳೆದ ಮೇಲೆ ಹಿತ್ತಲಲ್ಲಿ ಐದು ಗುಂಡಿ ಮಾಡಿ ಹಾಕಿದ್ದೆ.

"ಕಾಫಿ ಪಲ್ಪರಿಗೂ ಮನೆಗೂ ಸೇರಿ ಬಾವಿ ನೀರೇ ಸಾಲ್ದು. ಇಲ್ಲಿ ಸೌತೆ ಏನಿದ್ರೂ ಮಳೆಗಾಲಕ್ಕೆ ಕಣೇ. ಈಗ ಹಾಕಿದ್ದು ಉಳಿಯಲ್ಲ," ಅಂದರು ಅತ್ತೆ.

"ಬಾವಿ ನೀರು ಮುಟ್ಟಲ್ಲ ಅತ್ತೆ. ಗದ್ದೆ ಹೊಂಡದಿಂದ ಹೊತ್ಕೊಂಡ್ ಬರ್ತೀನಿ," ಅಂದೆ. ಅಂದಮೇಲೆ ಮುಗಿಯಿತು. ಆಡಿದ ಮಾತನ್ನು ನುಂಗುವ ಜಾಯಮಾನ ನನ್ನದಲ್ಲ.

ಹೊಂಡ ಇದ್ದದ್ದು ಇಳಿಜಾರಿನ ಕೊನೆಯಲ್ಲಿ. ಖಾಲಿ ಕೊಡ ಹಿಡಿದು ಇಳಿಯುವಾಗ ಬಾಯಲ್ಲಿ ಹಾಡು, ತುಂಬಿದ ಕೊಡ ಹೊತ್ತು ಹತ್ತುವಾಗ ಬೈಗುಳ. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು. ಒಂದೊಂದು ಬುಡಕ್ಕೂ ಚೊಂಬಿನಲ್ಲಿ ಮೆಲ್ಲಗೆ ಬಿಟ್ಟು, ಮಣ್ಣು ಹೀರುವವರೆಗೆ ಕಾದು, ಮತ್ತೆ ಬಿಡುತ್ತಿದ್ದೆ. ಸಸಿಗಳು ಕುಡಿ ಚಾಚಿದವು.

ಒಂದು ದಿನ ಸೊಂಟ ಹಿಡಿದುಕೊಂಡಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಹರಿದ ಕಂದು ನೀರು ಹಿತ್ತಲ ಪಕ್ಕದ ಗುಂಡಿಯಲ್ಲಿ ನಿಂತಿತ್ತು. ನಾನೋ ಕಾಫಿಯಿಲ್ಲದ ಬಯಲು ಕಡೆಯವಳು. ಹಣ್ಣಿನ ರಸ ಬೆರೆತ ನೀರು, ಗೊಬ್ಬರವೂ ಆದೀತು ಅಂದುಕೊಂಡು ಎರಡು ಬುಡಕ್ಕೆ ಧಾರಾಳವಾಗಿ ಹೊಯ್ದೆ. ನಾಲ್ಕೇ ದಿನಕ್ಕೆ ಎರಡೂ ಹಳದಿಯಾಗಿ ಮಲಗಿದವು.

"ಪಲ್ಪರ್ ನೀರು ಹುಯ್ದ್ಯಾ? ಅದು ಹುಳಿ ಕಣೇ. ಹುಲ್ಲೂ ಸುಟ್ಟೋಗ್ತೈತೆ," ಅಂದರು ಅತ್ತೆ. ಅವರು ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಬರುತ್ತಿತ್ತು, ಈಗ ಅಳು ಬಂತು. ಮರುದಿನದಿಂದ ಉಳಿದ ಮೂರು ಬಳ್ಳಿಗೆ ಬೆಳಿಗ್ಗೆ ಮೂರು ಕೊಡ ತರತೊಡಗಿದೆ.

ಹೂ ಬಿಟ್ಟವು. ಒಂದು ಸಂಜೆ ನಮ್ಮ ಯಜಮಾನರು, "ಅಗೋ, ಅಲ್ಲೊಂದು ಹೀಚು," ಎಂದು ಬೆರಳು ಚಾಚಿದರು. ಜಗಲಿಯಿಂದಲೇ ಅತ್ತೆ ಮಗನನ್ನು ಗದರಿದರು: "ಬೆರಳು ಮಡಚ್ಕೊಂಡು ತೋರ್ಸೋ. ಕೊಳ್ತೋಗ್ತೈತೆ." ಎಳೆಗಾಯಿಗೆ ನೇರ ಬೆರಳು ತೋರಿಸಬಾರದು, ಮಡಚಿದ ಬೆರಳಿನ ಗೆಣ್ಣಿನಿಂದ ತೋರಿಸಬೇಕು ಎನ್ನುವುದು ನಮ್ಮವರ ನಂಬಿಕೆ. ಉಳಿಯಲ್ಲ ಅಂದವರಿಗೆ ಕೊಳೆತರೇನಂತೆ ಎಂದು ಕೇಳಬೇಕೆನಿಸಿತು.

ಅಷ್ಟರಲ್ಲಿ ಅಮ್ಮನಿಗೆ ಜ್ವರವೆಂದು ತವರಿಗೆ ಹೋಗಬೇಕಾಯಿತು. ಮೂರು ದಿನ, ಉರಿ ಬಿಸಿಲು. ನೀರು ಹಾಕಿ ಎಂದು ಯಾರಿಗೂ ಹೇಳದೆ ಹೊರಟೆ. ಹೇಳಿದರೆ ಸೋತಂತೆ ಅನಿಸಿತ್ತು. ಬಸ್ಸಿನಲ್ಲಿ ಕುಳಿತರೆ ಅಮ್ಮನಿಗಿಂತ ಬಳ್ಳಿಗಳದೇ ಯೋಚನೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ವಾಪಸು ಬಂದವಳು ಬ್ಯಾಗು ಹಿಡಿದೇ ಹಿತ್ತಲಿಗೆ ನಡೆದೆ. ಬುಡಗಳು ಒದ್ದೆಯಾಗಿದ್ದವು. ಎಲೆ ಒಂದೂ ಬಾಡಿರಲಿಲ್ಲ. ಬೇಲಿ ಪಕ್ಕ ನನ್ನ ಕೊಡ ಬೋರಲು ಬಿದ್ದಿತ್ತು, ಅದರ ತಳಕ್ಕೆ ಹೊಂಡದ ಕಪ್ಪು ಕೆಸರು ಮೆತ್ತಿತ್ತು. ಬಾವಿ ಅಲ್ಲೇ ಹತ್ತು ಹೆಜ್ಜೆಯಲ್ಲಿತ್ತು.

ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತ ಹಿಂಬಾಗಿಲಲ್ಲಿ ಕುಳಿತಿದ್ದರು. "ನೀವು ಹೊಂಡಕ್ಕೆ ಇಳಿದ್ರಾ ಅತ್ತೆ?" ಅಂದೆ.

"ಬಾವಿ ನೀರು ಮುಟ್ಟಲ್ಲ ಅಂದಿದ್ಯಲ್ಲ," ಅಂದರು. ಮೆಲ್ಲಗೆ ಎದ್ದು ಬಂದು ಮಧ್ಯದ ಬಳ್ಳಿಯ ದೊಡ್ಡ ಎಲೆಯನ್ನು ಎತ್ತಿದರು. ನಾನು ಇಷ್ಟು ದಿನ ಕಾಣದೇ ಹೋಗಿದ್ದ ಕಾಯಿಯೊಂದು ಅಲ್ಲಿತ್ತು. ಬೆರಳು ಮಡಚಿ ಅದನ್ನು ತೋರಿಸಿದರು.

"ಇದನ್ನ ಕುಯ್ಬೇಡ. ಬರೋ ವರ್ಷದ ಬೀಜಕ್ಕಿರ್ಲಿ."