ಲಕ್ಷ್ಮಕ್ಕನವರ ಸರದಿ ಮತ್ತು ಮುನಿಕೃಷ್ಣಪ್ಪನವರ ಬಾನಿ

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಈರುಳ್ಳಿಗೆ ನೀರುಣಿಸುವ ಶಾಸ್ತ್ರವನ್ನು ಪುಸ್ತಕದಿಂದ ಹೊಲದ ಬದುವಿಗೆ ತಂದವರಲ್ಲಿ, ಈಗ ನಿವೃತ್ತರಾಗುತ್ತಿರುವ ಮಾನ್ಯ ಮುನಿಕೃಷ್ಣಪ್ಪನವರು ಮೊದಲ ಸಾಲಿನವರು. ಅವರ ಕೈಕೆಳಗೆ ಕ್ಷೇತ್ರ ಸಹಾಯಕನಾಗಿ ಆರು ವರ್ಷ ದುಡಿದ ನಾನು ಈ ಮಾತನ್ನು ಸುಲಭವಾಗಿ ಒಪ್ಪಿದವನಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ನನ್ನದು ಅನುಮಾನದ ಗುಣ. ರೈತರ ಮನೆಯಲ್ಲಿ ಮಜ್ಜಿಗೆಯನ್ನೂ ಮುಟ್ಟದ ಅಧಿಕಾರಿಯನ್ನು ಕಂಡು, ಇವರಿಗೆ ಬೇರೇನೋ ಬೇಕಾಗಿದೆ ಎಂದೇ ಭಾವಿಸಿದ್ದೆ.

೧೯೯೪ರಲ್ಲಿ ಮೇಚೇರಿಯ ಬಳಿ ಲಕ್ಷ್ಮಕ್ಕನವರ ಹೊಲದಲ್ಲಿ ಪ್ರಯೋಗ ಹೂಡಿದೆವು. ಬಯಲಲ್ಲಿಟ್ಟ ಬಾನಿಯ ನೀರು ಬಿಸಿಲಿಗೆ ಆರಿ ಒಳಗೆ ಗೀಚಿದ ಗುರುತು ಮುಟ್ಟಿದ ದಿನವಷ್ಟೇ ಈರುಳ್ಳಿಗೆ ನೀರು ಹಾಯಿಸಬೇಕೆಂಬುದು ಮುನಿಕೃಷ್ಣಪ್ಪನವರ ಕಟ್ಟಳೆ. ಮೂರು ವಾರದೊಳಗೆ ಎರಡು ಸಲ, ಬಾನಿ ಇನ್ನೂ ತುಂಬಿದ್ದಾಗಲೇ, ಮಡಿಗಳು ಒದ್ದೆಯಾಗಿದ್ದವು. ಕೇಳಿದರೆ ಆಕೆ ಸೆರಗು ಸರಿಪಡಿಸಿಕೊಂಡು ಅತ್ತ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ! ಇದು ಮೋಸ, ಈಕೆಯನ್ನು ಪ್ರಯೋಗದಿಂದ ಕೈಬಿಡಬೇಕು ಎಂದು ವರದಿ ಬರೆದು ಸಾಹೇಬರ ಮುಂದಿಟ್ಟೆ.

ಅವರು ಅದನ್ನೋದಿ, ನನ್ನನ್ನು ಬಾವಿಕಟ್ಟೆಗೆ ಕರೆದೊಯ್ದು, ಲಕ್ಷ್ಮಕ್ಕನವರನ್ನೇ ಮೆಲ್ಲಗೆ ಕೇಳಿದರು.

"ನಾಕು ದಿನಕ್ಕೊಂದು ಮುರೆ ಐತೆ ಸಾರ್ ನಂಗೆ," ಎಂದರು ಆಕೆ. "ಮೂರು ಮುರೆ ಸುಮ್ಕೆ ಬುಟ್ರೆ ಅದು ಮೈದುನನ್ಗೆ ಓಯ್ತದೆ. ಗಂಡ ಇಲ್ದೋಳು ನಾನು. ಈರುಳ್ಳಿ ಕೊಳೆತ್ರೆ ಒಂದು ಬೆಳೆ ಓಯ್ತು. ಮುರೆ ಓದ್ರೆ ಬಾವಿನೇ ಓಯ್ತಲ್ಲಾ!"

ಆ ಬಾವಿಯ ಪಾಲುದಾರರ ಪದ್ಧತಿಯೇ ಹಾಗೆ. ಮೂರು ಮುರೆ, ಅಂದರೆ ಮೂರು ಸರದಿ, ನೀರೆತ್ತದವರು ಹಕ್ಕು ಬಿಟ್ಟಂತೆ. ಅದನ್ನು ವಿಚಾರಿಸದೆ ವರದಿ ಬರೆದ ನನಗೆ ನಾಚಿಕೆಯಾಯಿತು. ಮುನಿಕೃಷ್ಣಪ್ಪನವರು ಅಂದೇ ಪಾಲುದಾರರನ್ನು ಕೂಡಿಸಿ ಒಂದು ಒಪ್ಪಂದ ಮಾಡಿಸಿದರು: ಬೇಡವಾದ ಸರದಿಯನ್ನು ಲಕ್ಷ್ಮಕ್ಕನವರು ಮೈದುನ ಕುಪ್ಪಸ್ವಾಮಿಗೆ ಬಿಡುವುದು, ಬಾನಿ ಗುರುತು ಮುಟ್ಟಿದ ದಿನ ಆತ ತನ್ನ ಸರದಿಯನ್ನು ಅತ್ತಿಗೆಗೆ ಕೊಡುವುದು, ಹಕ್ಕು ಮಾತ್ರ ಆಕೆಯದೇ.

"ಕೊಡ್ತೀನಿ ಸಾರ್, ನಂಬ್ಕೆ ಇಲ್ವಾ?" ಎಂದ ಕುಪ್ಪಸ್ವಾಮಿ.

ನನಗಂತೂ ಎಳ್ಳಷ್ಟೂ ಇರಲಿಲ್ಲ. ಆ ದಿನ ಬಂದಾಗ ಹೊತ್ತು ಮೂಡುವ ಮುನ್ನವೇ ಮೋಟಾರು ಮನೆಗೆ ಹೋದರೆ, ಸಾಹೇಬರು ಆಗಲೇ ಬಾಗಿಲಲ್ಲಿ ಕುಳಿತಿದ್ದಾರೆ!

"ನಿಮಗೂ ಅನುಮಾನವೇ ಸಾರ್?"

"ಇಲ್ದೆ ಏನಪ್ಪಾ! ಅನುಮಾನ ಬಂದ್ರೆ ಮೊದಲು ಬಂದು ನೋಡ್ಬೇಕು. ವರದಿ ಆಮೇಲೆ."

ಕುಪ್ಪಸ್ವಾಮಿ ಬಂದ. ನಮ್ಮಿಬ್ಬರನ್ನೂ ಓರೆಗಣ್ಣಿಂದ ನೋಡಿ, ಗುದ್ದಲಿಯಿಂದ ಕಾಲುವೆ ಕಡಿದು ಅತ್ತಿಗೆಯ ಮಡಿಗಳಿಗೆ ನೀರು ತಿರುಗಿಸಿದ. ಆ ಬೆಳೆ ಹದಿನೇಳು ಸಲದ ಬದಲು ಹನ್ನೊಂದೇ ಸಲದ ನೀರಿಗೆ ಕೈಗೆ ಬಂತು, ಗಡ್ಡೆಯೂ ಕೊಳೆಯಲಿಲ್ಲ.

ಲೆಕ್ಕ ಒತ್ತಟ್ಟಿಗಿರಲಿ. ನಿವೃತ್ತಿಯಾದರೂ ಮುನಿಕೃಷ್ಣಪ್ಪನವರು ಮನೆಯಲ್ಲಿ ಕೂರುತ್ತಾರೆಂದು ನಾನು ನಂಬುವುದಿಲ್ಲ. ನೂರು ವರ್ಷ ಬಾಳಿ ಬದುಗಳ ಮೇಲೆ ಓಡಾಡುತ್ತಲೇ ಇರಲಿ. ಅವರನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಕಟಾವಿಗೆ ಹತ್ತು ದಿನ ಮುಂಚಿನ ಆ ಬೆಳಗು. ಲಕ್ಷ್ಮಕ್ಕನವರು ಬಾನಿಯೊಳಗೆ ಇಣುಕಿ, "ಇವತ್ತಿನ ಮುರೆ ನಂಗೆ ಬ್ಯಾಡ, ನೀನೇ ನೀರು ಬುಟ್ಕೋ ಲಾ," ಎಂದು ಮೈದುನನಿಗೆ ಕೂಗಿ ಹೇಳಿ, ಬಾವಿಯತ್ತ ತಿರುಗಿಯೂ ನೋಡದೆ ಮನೆಗೆ ನಡೆದರು.